ಗೊಂಬೆಯ ಓದು

ಕೆಂಪಿಂಕಮ್ಮನಿಗೆ ಆ ಶಾಲೆಯಲ್ಲಿ ಅಸಹ್ಯವಾಗದ ವಸ್ತು ಒಂದೂ ಇರಲಿಲ್ಲ. ಓದಿಸಲೆಂದು ಬಿಟ್ಟುಕೊಟ್ಟಿದ್ದದ್ದು ಮೆಟ್ಟಿಲ ಕೆಳಗಿನ ಉಗ್ರಾಣ. ಅದರ ಗೋಡೆಯಾಚೆ ಹುಡುಗರ ಕಕ್ಕಸು. ಒಳಗೆ ಕಾಲು ಮುರಿದ ಬೆಂಚುಗಳು, ಒದ್ದೆಯಿದ್ದಾಗಲೇ ಮಡಚಿಟ್ಟ ನೆಲ ಒರೆಸುವ ಬಟ್ಟೆಗಳು, ಯಾವ ಕಾಲದ್ದೋ ಸುಣ್ಣದ ಡಬ್ಬ. ಪುಸ್ತಕಗಳ ಮೂಲೆ ಮೂಲೆಯಲ್ಲಿ ಮಕ್ಕಳ ಎಂಜಲು ಒಣಗಿ ಕಾಗದ ಗಟ್ಟಿಯಾಗಿತ್ತು. ಮೇಜಿನಡಿ ಕೈ ಹೋದರೆ ಅಗಿದು ಅಂಟಿಸಿದ ಗಮ್ಮು ಬೆರಳಿಗೆ ಹತ್ತುತ್ತಿತ್ತು. ಮನೆಗೆ ಹೋದವಳೇ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಆಪರೇಷನ್ ಮುಗಿಸಿ ಬಂದ ಡಾಕ್ಟರೂ ಇಷ್ಟು ತೊಳೆಯುವುದಿಲ್ಲ ಎಂದು ತಂಗಿ ಆಡಿಕೊಳ್ಳುತ್ತಿದ್ದಳು.

ಕೆಂಪಿಂಕಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತನಾಲ್ಕು ವರ್ಷ ಒಂದೇ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವಳು. ಅವಳ ಕೆಂಪು ಶಾಯಿ ಬೀಳದೆ ಅಲ್ಲಿಂದ ಒಂದು ಕರಪತ್ರವೂ ಹೊರಗೆ ಹೋಗುತ್ತಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವವರು ಇಟ್ಟ ಅಡ್ಡಹೆಸರು ಮನೆಯವರೆಗೂ ಹಿಂಬಾಲಿಸಿತು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಬೇಕಲ್ಲ. ಔಷಧಿ ಡಬ್ಬಿಯ ಮೇಲಿನ ಬರಹ, ಕರೆಂಟ್ ಬಿಲ್ಲು, ಲಿಫ್ಟಿನಲ್ಲಿ ಅಂಟಿಸಿದ ಸೂಚನೆ, ಎಲ್ಲಕ್ಕೂ ಕೆಂಪು ಗೆರೆ. ಲಿಫ್ಟಿನ ಸೂಚನೆ ಬರೆದಾತ ಮನೆ ಬಾಗಿಲಿಗೇ ಬಂದು ಜಗಳ ತೆಗೆದ ದಿನ ತಂಗಿಗೆ ಸಾಕುಸಾಕಾಯಿತು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ವಾರಕ್ಕೆ ಮೂರು ದಿನ ಪುಕ್ಕಟೆ ಓದಿಸುವ ಬಳಗವೊಂದಿದೆ, ಅಲ್ಲಿ ತಪ್ಪುಗಳಿಗೆ ಬರವಿಲ್ಲ, ಹೊಟ್ಟೆ ತುಂಬ ತಿದ್ದಿಕೋ ಎಂದು ತಾನೇ ಹೋಗಿ ಅಕ್ಕನ ಹೆಸರು ಬರೆಸಿ ಬಂದಳು.

ಬಳಗದ ಕಾರ್ಯದರ್ಶಿ ಟೈಲ್ಸ್ ಅಂಗಡಿ ಇಟ್ಟಿದ್ದ ಮನುಷ್ಯ. ಸದಾ ಹಲ್ಲು ಕಿರಿಯುತ್ತಿದ್ದ. ಕ್ಯಾಮೆರಾ ಚೀಲದೊಳಗೆ ಹೋದರೆ ಮಾತ್ರ ಹಲ್ಲೂ ಒಳಗೆ ಹೋಗುತ್ತಿತ್ತು. ಮಕ್ಕಳ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ ಮೇಲೆ ಅದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ಕೆಂಪಿಂಕಮ್ಮ ಕಣ್ಣಾರೆ ಕಂಡಿದ್ದಳು. ಉಳಿದ ಓದಿಸುವವರನ್ನು ಕಂಡರೂ ಅವಳಿಗೆ ಅಷ್ಟಕ್ಕಷ್ಟೇ. ಮಗು ಒಂದು ಪದದ ಮೊದಲ ಅಕ್ಷರ ಎತ್ತುವಷ್ಟರಲ್ಲಿ ಉಳಿದದ್ದನ್ನು ತಾವೇ ಅದರ ಬಾಯಿಗೆ ತುರುಕಿ, ಶಭಾಷ್ ಬಂಗಾರ ಎಂದು ಕೆನ್ನೆ ಹಿಂಡುತ್ತಿದ್ದರು. ಥೂ, ಇದೇನು ಓದಿಸುವುದೋ ತುತ್ತು ಉಣ್ಣಿಸುವುದೋ ಎಂದು ಅವಳ ಮೈ ಉರಿಯುತ್ತಿತ್ತು. ತಾನು ಮಾತ್ರ ಸುತರಾಂ ಹೇಳಿಕೊಡುವವಳಲ್ಲ. ಅರ್ಧ ಗಂಟೆ ಹಿಡಿದರೂ ಸರಿ, ಮಗುವೇ ಓದಬೇಕು.

ಅವಳ ಪಾಲಿಗೆ ಬಂದದ್ದು ಮೂರನೇ ತರಗತಿಯ ಒಬ್ಬ ಹುಡುಗಿ. ಎಂಟು ವರ್ಷ. ಕರೆದರೆ ಓಗೊಡದೆ, ಕೇಳಿದ್ದಕ್ಕೆ ಉತ್ತರ ಕೊಡದೆ ಎದುರಿದ್ದವರ ಮುಖವನ್ನೇ ಪಿಳಿಪಿಳಿ ನೋಡುತ್ತಾಳೆಂದು ಕ್ಲಾಸಿನ ಟೀಚರು ಅವಳಿಗೆ ಗೊಂಬೆ ಎಂದು ಹೆಸರಿಟ್ಟಿದ್ದರು. ಅವಳ ಮೂಗು ಹನ್ನೆರಡು ತಿಂಗಳೂ ಸುರಿಯುತ್ತಿತ್ತು. ಕೆಂಪಿಂಕಮ್ಮ ಮೊದಲೆರಡು ವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಣಗಿದಳು. ಆ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಹೊರಟದ್ದು ಒಂದು ಸೀನು, ಅದೂ ನೇರ ಈ ಓದಿಸುವ ಅಜ್ಜಿಯ ತೋಳಿನ ಮೇಲೆ. ಅಸಹ್ಯ ತಡೆಯಲಾರದೆ ಅವಳು ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡು ಎದುರು ಕೂತಳು. ಪುಸ್ತಕ ಮಗುವಿನ ಕಡೆಗೆ ತಿರುಗಿದ್ದರೆ ಏನಂತೆ, ಮೊಳೆಗಳನ್ನು ತಲೆಕೆಳಗಾಗಿ ಓದಿ ಅನ್ನ ತಿಂದವಳಿಗೆ ತಲೆಕೆಳಗಾದ ಪುಟ ಯಾವ ಲೆಕ್ಕ.

ಮೂರನೇ ವಾರ ಗೊಂಬೆ ಓದಿದಳು. ಮೊದಲು ಅರ್ಧ ವಾಕ್ಯ, ಆಮೇಲೆ ಒಂದು ವಾಕ್ಯ, ಆರನೇ ವಾರಕ್ಕೆ ಇಡೀ ಪುಟ. ಸಾಲಿನ ಕೆಳಗೆ ಬೆರಳು ಓಡಿಸುತ್ತಾ, ಗಳಿಗೆಗೊಮ್ಮೆ ತಲೆಯೆತ್ತಿ ಅಜ್ಜಿಯ ಮುಖ ನೋಡುತ್ತಾ ಓದುತ್ತಿದ್ದಳು. ಶಭಾಷ್‌ಗಿರಿಗೆ ಕಾಯುತ್ತಿದೆ ಎಂದುಕೊಂಡು ಕೆಂಪಿಂಕಮ್ಮ ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದಳು. ಒಳಗೊಳಗೇ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. ಒಂದೇ ಸಂಗತಿಯನ್ನು ತಂಗಿಗೆ ಮೂರು ಸಲ ಹೇಳಿದಳು. ಕಾರ್ಯದರ್ಶಿ ಓಡಿ ಬಂದು ಇದರ ಗುಟ್ಟೇನು ಎಂದು ಕೇಳಿದ. ಎದುರು ಕೂತೆ, ಅಷ್ಟೇ ಎಂದಳು. ಮುಂದಿನ ತಿಂಗಳ ಕರಪತ್ರದಲ್ಲಿ ಅದು 'ಮುಖಾಮುಖಿ ಓದಿನ ವಿಧಾನ' ಎಂದು ದಪ್ಪಕ್ಷರದಲ್ಲಿ ಅಚ್ಚಾಯಿತು. ಓದಿಸುವವರೆಲ್ಲ ಕುರ್ಚಿ ಎಳೆದುಕೊಂಡು ಮಕ್ಕಳ ಎದುರು ಕೂತರು. ಪರೀಕ್ಷೆಯ ದಿನ ಗೊಂಬೆ ಅಜ್ಜಿಯ ಎದುರು ಕೂತು ಒಂದೂ ತಪ್ಪಿಲ್ಲದೆ ಓದಿದಳು. ಹಿಂದೆ ಬಿದ್ದವರ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಕೆಂಪಿಂಕಮ್ಮ ತನ್ನ ಕೈಯಾರೆ ಕೆಂಪು ಗೆರೆ ಎಳೆದಳು. ಅಷ್ಟು ಖುಷಿಯಿಂದ ಅವಳು ಜನ್ಮದಲ್ಲಿ ಗೆರೆ ಎಳೆದಿರಲಿಲ್ಲ.

ಹತ್ತನೇ ವಾರ ಕಕ್ಕಸಿನ ಕೊಳವೆ ಕಟ್ಟಿಕೊಂಡಿತು. ಗೋಡೆಯಡಿಯಿಂದ ಕರಿನೀರು ಉಗ್ರಾಣದೊಳಕ್ಕೆ ಜಿನುಗಿ ಬಟ್ಟೆಗಳನ್ನು ನೆನೆಸಿತ್ತು. ನಾತಕ್ಕೆ ಒಳಗೆ ಕಾಲಿಡುವಂತಿರಲಿಲ್ಲ. ಬೇರೆ ಕೋಣೆ ಕೇಳಿದರೆ ಜವಾನ ಹೆಗಲು ಕುಣಿಸಿದ. ಶನಿವಾರ ಓದಿನ ಪ್ರದರ್ಶನವಿತ್ತು, ಗೊಂಬೆ ಎಲ್ಲರ ಮುಂದೆ ಓದಬೇಕಿತ್ತು, ಅಭ್ಯಾಸ ತಪ್ಪಿಸುವ ಹಾಗಿರಲಿಲ್ಲ. ಕೆಂಪಿಂಕಮ್ಮ ಕಾಲು ಬೆಂಚಿನ ಮೇಲಿಟ್ಟುಕೊಂಡು, ಕರವಸ್ತ್ರವನ್ನು ಮೂಗು ಬಾಯಿಗೆ ಬಿಗಿಯಾಗಿ ಒತ್ತಿಕೊಂಡು, ಓದು ಎಂದು ಸನ್ನೆ ಮಾಡಿದಳು.

ಗೊಂಬೆ ಬೆರಳನ್ನು ಸಾಲಿನ ಕೆಳಗಿಟ್ಟಳು. ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ನೋಡುತ್ತಲೇ ಇದ್ದಳು. ಇಪ್ಪತ್ತು ಸಲ ಓದಿದ್ದ ಆಮೆಯ ಕತೆ, ಒಂದು ಪದ ಹೊರಡಲಿಲ್ಲ. ಕೆಂಪಿಂಕಮ್ಮ ಕರವಸ್ತ್ರದೊಳಗಿಂದಲೇ ಗದರಿದಳು, ಹುಡುಗಿ ಕೇಳಲಿಲ್ಲ. ಹಟ ಮಾಡ್ತೀಯಾ ಎಂದು ಬೈಯಲು ಕರವಸ್ತ್ರ ತೆಗೆದು, ಎಲ್ಲಿ ನಿಂತಿದ್ದಾಳೆ ನೋಡೋಣ ಎಂದು ಸಾಲಿನ ಮೇಲೆ ಕಣ್ಣಾಡಿಸಿದ್ದೇ ತಡ, ಗೊಂಬೆ ಸರಾಗವಾಗಿ ಶುರು ಮಾಡಿದಳು. ನಾತ ಬಡಿದು ಕರವಸ್ತ್ರ ಮತ್ತೆ ಮೇಲೆ ಹೋಯಿತು. ಓದು ಅರ್ಧ ಪದಕ್ಕೆ ನಿಂತಿತು. ಇಳಿಸಿದರೆ ಓದು. ಏರಿಸಿದರೆ ಮೌನ. ಕೆಂಪಿಂಕಮ್ಮ ಕೈಚಾಚಿ ಪುಸ್ತಕ ಮುಚ್ಚಿದಳು, ಮುಂದಿನ ಸಾಲನ್ನು ನೆನಪಿನಿಂದ ಮನಸ್ಸಿನಲ್ಲೇ ಹೇಳಿಕೊಂಡಳು. ಮುಚ್ಚಿದ ರಟ್ಟಿನ ಮೇಲೆ ಬೆರಳು ಓಡಿಸುತ್ತಾ ಗೊಂಬೆ ಆ ಸಾಲನ್ನು ಗಟ್ಟಿಯಾಗಿ ಓದಿದಳು.

ಅಚ್ಚುಕೂಟದಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬಳು ಹಸ್ತಪ್ರತಿ ಓದಬೇಕು, ಇನ್ನೊಬ್ಬಳು ಅಚ್ಚಾದದ್ದನ್ನು ತಾಳೆ ನೋಡಬೇಕು. ಪಕ್ಕದಲ್ಲೇ ಯಂತ್ರಗಳ ಗದ್ದಲ, ಕೂಗಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಕೆಂಪಿಂಕಮ್ಮ ಒಂದೊಂದು ಪದವನ್ನೂ ತುಟಿಯ ಮೇಲೆ ಬಿಡಿಸಿ ಹೇಳುತ್ತಿದ್ದಳು, ಜೊತೆಗಾತಿ ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದಳು. ಕೆಲಸ ಬಿಟ್ಟರೂ ತುಟಿ ಕೆಲಸ ಬಿಟ್ಟಿರಲಿಲ್ಲ. ನಾಲ್ಕನೇ ವಾರ ಕನ್ನಡಕ ಜಾರಿ ತಾನೊಂದು ಸಾಲು ಬಿಟ್ಟಾಗ ಗೊಂಬೆಯೂ ಅದೇ ಸಾಲು ಬಿಟ್ಟದ್ದು ಈಗ ಹೊಳೆಯಿತು. ಉಳಿದವರು ಬಾಯಿಗೆ ತುರುಕುತ್ತಾರೆಂದು ಅವರನ್ನು ಬೈದುಕೊಂಡು ತಿರುಗಿದ್ದಳಲ್ಲ, ಅವರಾದರೂ ಪದದ ಮೊದಲಕ್ಷರವನ್ನು ಮಗುವಿಗೆ ಬಿಡುತ್ತಿದ್ದರು. ತಾನು ಅದನ್ನೂ ಬಿಟ್ಟಿರಲಿಲ್ಲ.

ಎದ್ದು ಹುಡುಗಿಯ ಬೆನ್ನ ಹಿಂದೆ ಹೋಗಿ ನಿಂತಳು. ಹೆಸರು ಹಿಡಿದು ಕರೆದಳು. ಇನ್ನೂ ಗಟ್ಟಿಯಾಗಿ ಕರೆದಳು. ಬಿಸ್ಕತ್ತು ಕೊಡ್ತೀನಿ ಅಂದಳು. ಗೊಂಬೆ ಅಜ್ಜಿಯ ಖಾಲಿ ಕುರ್ಚಿಯನ್ನು ನೋಡುತ್ತಾ ಆರಾಮವಾಗಿ ಕಾಲಾಡಿಸುತ್ತಿದ್ದಳು. ಕೆಂಪಿಂಕಮ್ಮ ತಿರುಗಿ ಬಂದು ಎದುರು ಕೂತು, ನೀನು ನನ್ನ ಬಾಯಿ ನೋಡಿ ಹೇಳ್ತೀಯಾ ಎಂದು ಕೇಳಿದಳು. ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ಓದೋದು ಅಂದ್ರೆ ಅದೇ ಅಲ್ವಾ ಅಜ್ಜಿ? ನೀವು ಪುಸ್ತಕ ನೋಡ್ತೀರ. ನಾನು ನಿಮ್ಮನ್ನ ನೋಡ್ತೀನಿ."

ಹುಡುಗಿಯ ತಾಯಿ ಎರಡು ಬೀದಿಯಾಚೆ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಆವಿಯ ನಡುವೆ ನಿಂತು ಕೆಂಪಿಂಕಮ್ಮನಿಂದ ಸುದ್ದಿ ಕೇಳಿದವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟು ಗೋಡೆಗೆ ಒರಗಿದಳು.

"ಯಾವಾಗ್ಲೂ ನನ್ನ ಮುಖಾನೇ ನೋಡ್ತಿರ್ತಾಳೆ ಅಮ್ಮಾ," ಅಂದಳು. "ಅಮ್ಮನ ಮೇಲೆ ಎಷ್ಟು ಪ್ರೀತಿ ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ."

ಅನುಮಾನ ಅವಳಿಗೂ ಒಮ್ಮೆ ಬಂದಿತ್ತಂತೆ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರೆ ಶಾಲೆಯ ಚೀಟಿ ಇಲ್ಲದೆ ಕಿವಿ ಪರೀಕ್ಷೆ ಇಲ್ಲ ಅಂದರಂತೆ. ಚೀಟಿ ಕೇಳಿದರೆ, ವರ್ಷಕ್ಕೊಮ್ಮೆ ಡಾಕ್ಟರು ಶಾಲೆಗೇ ಬರುತ್ತಾರೆ, ಹಿಂದೆ ಬಿದ್ದವರ ಪಟ್ಟಿಯಲ್ಲಿರುವ ಮಕ್ಕಳ ಕಣ್ಣು ಕಿವಿ ಎಲ್ಲ ನೋಡುತ್ತಾರೆ, ಕಾಯಿರಿ ಅಂದರಂತೆ. ಕಾದಳು. ಆ ಡಾಕ್ಟರು ಬರುವುದು ಈ ಸೋಮವಾರ. ಪಟ್ಟಿಯಿಂದ ಹೆಸರು ಹೋಗಿತ್ತು. ಗೆರೆ ಎಳೆದವರು ಯಾರೆಂದು ತಾಯಿ ಕೇಳಲಿಲ್ಲ. ಹೇಳುವ ಧೈರ್ಯ ಕೆಂಪಿಂಕಮ್ಮನಿಗೂ ಬರಲಿಲ್ಲ. ಅಲ್ಲಿಂದ ಹೊರಬಿದ್ದಾಗ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಮರುದಿನ ಹೆಡ್‌ಮಿಸ್ಸಿನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು, ಹೆಸರು ಮತ್ತೆ ಸೇರಿಸಿ ಅಂದಳು. ಹೆಡ್‌ಮಿಸ್ಸು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಗೊಂಬೆಯ ಹೆಸರು ಅಚ್ಚಾದ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ಚೆನ್ನಾಗಿ ಓದುವ ಮಗುವಿಗೆ ಕಿವಿ ಕೇಳುವುದಿಲ್ಲ ಅಂದರೆ ಯಾರು ನಂಬುತ್ತಾರೆ, ಪಟ್ಟಿ ಮೇಲಕ್ಕೆ ಹೋಗಿಯಾಯಿತು, ಈ ಸಲ ಬಳಗದವರು ಓದಿಸಿದ ಹತ್ತಕ್ಕೆ ಹತ್ತು ಮಕ್ಕಳು ಪಾಸು, ಅದನ್ನು ಒಂಬತ್ತು ಮಾಡುವುದು ಯಾಕೆ, ಮುಂದಿನ ವರ್ಷ ನೋಡೋಣ ಎಂದರು. ಮಾತಾಡುತ್ತಾ ಒಂದು ಬಿಸ್ಕತ್ತು ಮುರಿದು ಚಹಾದಲ್ಲಿ ಅದ್ದಿದರು. ಅದು ಮೆತ್ತಗಾಗಿ ಲೋಟದೊಳಕ್ಕೆ ಬಿತ್ತು, ಚಮಚದಿಂದ ತೆಗೆದು ತಿಂದರು. ಕೆಂಪಿಂಕಮ್ಮನಿಗೆ ಅದನ್ನು ನೋಡಲಾಗಲಿಲ್ಲ.

ಕಾರ್ಯದರ್ಶಿ ಇನ್ನೂ ಒಂದು ಕೈ ಮೇಲೆ. ವಿಷಯ ಕೇಳಿದಾಗ ಒಂದು ಕ್ಷಣ ಅವನ ಹಲ್ಲು ಒಳಗೆ ಹೋದವು. ಲೆಕ್ಕ ಹಾಕಿದ ಮೇಲೆ ಮತ್ತೆ ಹೊರಬಂದವು.

"ಹಾಗಾದ್ರೆ ಒಂದು ಕೆಲಸ ಮಾಡಿ ಅಮ್ಮಾ," ಅಂದ. "ಶನಿವಾರ ನೀವು ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ಮಗು ಕಣ್ಣೆದುರಿಗೇ."

ಕೊಳವೆಯ ಕರಿನೀರು ಆ ಮಾತಿಗಿಂತ ಶುದ್ಧವಾಗಿತ್ತು. ನಿಮ್ಮ ಪ್ರದರ್ಶನಕ್ಕೆ ನನ್ನ ಚಪ್ಪಲಿಯೂ ಬರುವುದಿಲ್ಲ ಎಂದು ಹೇಳಿ ಹೊರಟವಳು ಗೇಟಿನವರೆಗೆ ಹೋಗಿ ನಿಂತಳು. ತಾನು ಬರದಿದ್ದರೆ ಗೊಂಬೆ ಮೈಕಿನ ಮುಂದೆ ಬೆರಳನ್ನು ಸಾಲಿನ ಕೆಳಗಿಟ್ಟುಕೊಂಡು, ಇಡೀ ಸಭೆಯಲ್ಲಿ ಒಂದು ಗುರುತಿನ ಮುಖಕ್ಕಾಗಿ ಹುಡುಕುತ್ತಾ ನಿಲ್ಲುತ್ತಾಳೆ. ಜನ ನಗುತ್ತಾರೆ. ದಡ್ಡಿ ಎಂಬ ಹೆಸರು ಅವಳಿಗೆ ಜನ್ಮಕ್ಕೆ ಅಂಟುತ್ತದೆ. ಬಂದರೆ ಜಾಣೆ ಎಂಬ ಹೆಸರು ಅಂಟುತ್ತದೆ, ಕಿವಿಯನ್ನು ಯಾರೂ ನೋಡುವುದಿಲ್ಲ. ಅವತ್ತು ಸಂಜೆ ಊಟ ಸೇರಲಿಲ್ಲ. ತಂಗಿ ಏನಾಯಿತೆಂದು ಕೇಳಿದರೆ, ಇಷ್ಟು ವರ್ಷ ನಾನು ಓದುವಾಗ ತುಟಿ ಅಲ್ಲಾಡುತ್ತೆ ಅಂತ ನಿನಗೆ ಗೊತ್ತಿತ್ತಾ ಎಂದು ಅವಳ ಮೇಲೇ ಹರಿಹಾಯ್ದಳು. ನಿನ್ನ ತುಟಿ ನೋಡಿಕೊಂಡೇ ನಾನು ದಿನಾ ಪೇಪರ್ ಸುದ್ದಿ ತಿಳಿದುಕೊಳ್ಳುವುದು, ಕನ್ನಡಕದ ಖರ್ಚು ಉಳಿಯಿತು ಎಂದಳು ತಂಗಿ.

ಶನಿವಾರ ಸಭಾಂಗಣ ತುಂಬಿತ್ತು. ಶಿಕ್ಷಣ ಇಲಾಖೆಯ ಮೇಡಂ ವೇದಿಕೆಯ ಪಕ್ಕದ ಸೋಫಾದಲ್ಲಿ ಕೂತಿದ್ದರು. ಕೊನೆಯ ಸಾಲಿನಲ್ಲಿ ಗೊಂಬೆಯ ತಾಯಿ ಕೆಲಸದ ಉಡುಪಿನಲ್ಲೇ ನಿಂತಿದ್ದಳು. ಕೆಂಪಿಂಕಮ್ಮ ಮುಂದಿನ ಸಾಲಿನ ನಡುವೆ, ಕಾರ್ಯದರ್ಶಿ ಹೇಳಿದ ಕುರ್ಚಿಯಲ್ಲೇ ಕೂತಳು. ಆಮೆಯ ಕತೆಯ ಇನ್ನೊಂದು ಪ್ರತಿಯನ್ನು ಅವಳ ತೊಡೆಯ ಮೇಲೆ ಅವನೇ ತಂದಿಟ್ಟ. ಗೊಂಬೆಗೆ ಯಾರೋ ಎರಡು ಜಡೆ ಹಾಕಿ ಮೂಗು ಒರೆಸಿದ್ದರು. ಅವಳು ಮೈಕಿನ ಮುಂದೆ ಬಂದು ಪುಸ್ತಕ ತೆರೆದಳು, ಅಜ್ಜಿಯನ್ನು ಕಂಡಳು, ಮುಖ ಅರಳಿತು.

ಒಂದು ಕೊಳದಲ್ಲಿ ಒಂದು ಆಮೆ ಇತ್ತು. ಅದಕ್ಕೆ ತನ್ನ ಮನೆ ಚಿಕ್ಕದು ಅನ್ನಿಸಿತು. ಒಂದೊಂದು ವಾಕ್ಯವೂ ಮುತ್ತು ಪೋಣಿಸಿದ ಹಾಗೆ ಬಂತು. ಇಲಾಖೆಯ ಮೇಡಂ ತಲೆದೂಗಿದರು, ಹೆಡ್‌ಮಿಸ್ಸು ಪಕ್ಕದವರ ಕಡೆ ನೋಡಿದರು. ಕಾರ್ಯದರ್ಶಿ ಕ್ಯಾಮೆರಾ ಹಿಡಿದು ಬಗ್ಗಿ ನಡೆಯುತ್ತಾ ಕೆಂಪಿಂಕಮ್ಮನ ಮುಂದೆ ಹಾದುಹೋದ. ಹೋಗುವಾಗ ಅವಳಿಗೆ ಕಣ್ಣು ಹೊಡೆದ.

ಆ ಕಣ್ಣು ಹೊಡೆತ ಅವಳ ಮೈಮೇಲೆ ಗೊಣ್ಣೆಯ ಹಾಗೆ ಬಂದು ಬಿತ್ತು. ಇವನಿಗೂ ತನಗೂ ಈಗ ಒಂದೇ ಕಸುಬು. ಅವಳು ಪುಸ್ತಕ ಮುಚ್ಚಿದಳು. ಬೆನ್ನು ನೆಟ್ಟಗೆ ಮಾಡಿ, ಯಂತ್ರಗಳ ಗದ್ದಲದಲ್ಲಿ ಹೇಳುತ್ತಿದ್ದ ಹಾಗೆ ಒಂದೊಂದು ಪದವನ್ನೂ ತುಟಿಯ ಮೇಲೆ ಬಿಡಿಸಿದಳು.

"ನನಗೆ ಓದಲು ಬರುವುದಿಲ್ಲ," ಎಂದು ಓದಿದಳು ಗೊಂಬೆ, ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ಸಭೆಯಲ್ಲಿ ಕೆಲವರು ನಕ್ಕರು, ಆಮೆ ಹೇಳಿತೆಂದುಕೊಂಡಿರಬೇಕು.

"ನನಗೆ ಕಿವಿ ಸರಿಯಾಗಿ..." ಇಲ್ಲಿ ಹುಡುಗಿ ನಿಂತಳು. ಪುಟದಲ್ಲಿದ್ದ ಆಮೆಯ ಚಿತ್ರ ನೋಡಿದಳು. ಅಜ್ಜಿಯನ್ನು ನೋಡಿದಳು. ಕೆಂಪಿಂಕಮ್ಮ ಅದೇ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ಗೊಂಬೆ ಪುಸ್ತಕದಿಂದ ಬೆರಳು ತೆಗೆದಳು. ಈ ಸಲ ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು.

"ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಎದುರಿಗೆ ಕೂತಿರುವ ಅಜ್ಜಿಯ ತುಟಿ ನೋಡಿ ಹೇಳುತ್ತಿದ್ದೇನೆ. ಪಟ್ಟಿಯಿಂದ ನನ್ನ ಹೆಸರು ಹೊಡೆದದ್ದು ಅಜ್ಜಿಯೇ. ಸೋಮವಾರ ಡಾಕ್ಟರ್ ಬಂದಾಗ ನನ್ನನ್ನೂ ಕರೆಯಿರಿ."

ಕಾರ್ಯದರ್ಶಿ ಎರಡೇ ಹೆಜ್ಜೆಗೆ ವೇದಿಕೆ ಹತ್ತಿ, ಮಗುವಿಗೆ ಗಾಬರಿಯಾಗಿದೆ ಎಂದು ಎಲ್ಲರಿಗೂ ನಗುನಗುತ್ತಾ ಹೇಳಿ, ಹುಡುಗಿಯ ಬೆನ್ನ ಹಿಂದೆ ನಿಂತು, ಸಾಕಮ್ಮಾ, ಬಾ ಅಂದ. ಗೊಂಬೆ ಕದಲಲಿಲ್ಲ. ಬಾ ಪುಟ್ಟಾ ಅಂದ. ಮೂರನೆಯ ಸಲ ಗದರಿದ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. ಅವಳು ಅಜ್ಜಿಯ ತುಟಿಯಿಂದ ಮುಂದಿನ ವಾಕ್ಯ ಬರುತ್ತದೆಂದು ಕಾಯುತ್ತಾ ಹಾಗೇ ನಿಂತಿದ್ದಳು. ಇಡೀ ಸಭೆ ನೋಡಿತು. ಇಲಾಖೆಯ ಮೇಡಂ ಎದ್ದು ನಿಂತು ಪಟ್ಟಿ ತರಿಸಿ ಎಂದರು. ಹೆಡ್‌ಮಿಸ್ಸು ಬೆವರು ಒರೆಸಿಕೊಳ್ಳುತ್ತಾ ಕೋಣೆಗೆ ಓಡಿ, ಪಟ್ಟಿಯ ಪ್ರತಿ ತಂದು, ಮೇಡಂ ಎದುರಿಗೇ ಅದರ ಕೊನೆಗೆ ಗೊಂಬೆಯ ಹೆಸರನ್ನು ಹೊಸದಾಗಿ ಬರೆದರು. ಹಿಂದೆ ನಿಂತಿದ್ದ ತಾಯಿ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

ಕೆಂಪಿಂಕಮ್ಮ ಕೂತಲ್ಲೇ ಕೂತಿದ್ದಳು. ಕೆಲಸ ಆಯಿತಲ್ಲ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಎಂಟು ವರ್ಷದ ಮಗುವಿನ ಬಾಯಲ್ಲಿ, ಊರ ಜನರೆದುರು, ತನಗೆ ಬೇಕಾದ್ದನ್ನು ಆಡಿಸಿದ್ದಳು. ಬಾಯಿ ತೊಳೆದುಕೊಳ್ಳಬೇಕು ಅನ್ನಿಸಿತು.

ಗೊಂಬೆ ವೇದಿಕೆಯಿಂದ ಇಳಿದು ಬಂದು ಎದುರು ನಿಂತಳು. ಮೂಗು ಮತ್ತೆ ಸುರಿಯಲು ಶುರುವಾಗಿತ್ತು.

"ಅಜ್ಜಿ, ಅದೆಲ್ಲ ಪುಸ್ತಕದಲ್ಲಿ ಇರ್ಲಿಲ್ಲ ಅಲ್ವಾ?"

ಇರಲಿಲ್ಲ ಎಂದು ಕೆಂಪಿಂಕಮ್ಮ ತಲೆಯಾಡಿಸಿದಳು. ಗೊತ್ತಿದ್ದೂ ಯಾಕೆ ಹೇಳಿದೆ ಎಂದು ಕೇಳಿದಳು.

"ನೀವು ಹೇಳಿದ್ರಲ್ಲ," ಅಂದಳು ಹುಡುಗಿ.

ಕೆಂಪಿಂಕಮ್ಮ ಅವಳ ಎರಡೂ ಭುಜ ಹಿಡಿದುಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು, ಇನ್ಮೇಲೆ ನಾನು ಹೇಳಿದ್ದನ್ನ ಹೇಳ್ಬೇಡ.

ಗೊಂಬೆ ಅವಳ ತುಟಿಯನ್ನೇ ನೋಡುತ್ತಾ ಕೊನೆಯ ಪದದವರೆಗೆ ಕಾದಳು. ಆಮೇಲೆ ಒಂದೂ ತಪ್ಪಿಲ್ಲದೆ ಓದಿದಳು, "ಇನ್ಮೇಲೆ ನಾನು ಹೇಳಿದ್ದನ್ನ ಹೇಳ್ಬೇಡ."